ತಿನ್ನುವುದು ಕೈ ಮೀರಿದಾಗ

ಪಥ್ಯದ ಚೀಟಿಯನ್ನು ಜೋಪಾನವಾಗಿ ಮನೆಗೆ ಒಯ್ದವರೇ ಕೆಲವರು, ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಾಕದೆ ಅಡುಗೆಮನೆಯ ಡಬ್ಬಿ ತೆಗೆಯುತ್ತಾರೆ. ಹಸಿವಿರುವುದಿಲ್ಲ. ಆದರೂ ಹೊಟ್ಟೆ ಬಿರಿಯುವವರೆಗೆ ತಿಂದು, ಖಾಲಿ ಪೊಟ್ಟಣಗಳನ್ನು ಬಚ್ಚಿಟ್ಟು, ಒಳಗೊಳಗೇ ನೊಂದುಕೊಳ್ಳುತ್ತಾರೆ. ನಿಮಗೂ ಹೀಗಾಗುತ್ತಿದ್ದರೆ ಅದನ್ನು ಬರೀ ನಾಲಿಗೆ ಚಪಲವೆಂದು ತಿಳಿಯಬೇಡಿ. ವಾರಕ್ಕೊಮ್ಮೆಯಾದರೂ ಹೀಗೆ ಹಿಡಿತ ತಪ್ಪಿ, ಅದು ಮೂರು ತಿಂಗಳು ಮುಂದುವರಿದರೆ ಅದೊಂದು ಪ್ರತ್ಯೇಕ ಕಾಯಿಲೆಯೆಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಗುರುತಿಸಿದೆ.

ಕುಡಿತ ಬಿಡಿಸಲು 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟದ ಹೆಸರನ್ನು ನೀವು ಕೇಳಿರಬಹುದು. ಅದರ ಹನ್ನೆರಡು ಹೆಜ್ಜೆಗಳನ್ನೇ ಅನುಸರಿಸಿ 1960ರಲ್ಲಿ ಓವರ್‌ಈಟರ್ಸ್ ಅನಾನಿಮಸ್ ಹುಟ್ಟಿತು. ಶುಲ್ಕವಿಲ್ಲ, ಹೆಸರು ಹೊರಬರುವುದಿಲ್ಲ. ‘ಇದು ನನ್ನ ಕೈ ಮೀರಿದೆ’ ಎಂದು ಒಪ್ಪಿಕೊಳ್ಳುವುದೇ ಮೊದಲ ಹೆಜ್ಜೆ. ನಂತರ ತಾನು ನಂಬಿದ ದೇವರ ಮೇಲೆ ಭಾರ ಹಾಕುವುದು, ತನ್ನ ತಪ್ಪುಗಳನ್ನು ಬರೆದು ಇನ್ನೊಬ್ಬರೆದುರು ಹೇಳುವುದು, ನೋಯಿಸಿದವರೊಂದಿಗೆ ಸರಿಪಡಿಸಿಕೊಳ್ಳುವುದು, ಕೊನೆಗೆ ಇದೇ ಕಷ್ಟದಲ್ಲಿರುವವರ ಕೈ ಹಿಡಿಯುವುದು. ಸಭೆಯಲ್ಲಿ ಒಬ್ಬರು ಅನುಭವ ಹೇಳುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಅನುಭವ ಮಂಟಪದ ಹೆಸರು ಕೇಳಿ ಬೆಳೆದ ನಮಗೆ ಇದು ತೀರ ಹೊಸದೇನಲ್ಲ.

ಆದರೆ ತೊಡಕೊಂದಿದೆ. ಕುಡಿಯುವವರು ಬಾಟಲಿಯನ್ನು ಪೂರ್ತಿ ಬಿಡಬಹುದು, ಊಟ ಬಿಡಲಾಗದು. ಜಯನಗರಕ್ಕೆ ಹೋದರೂ ಬನಶಂಕರಿಗೆ ಹೋದರೂ ಬೋಂಡ, ಚುರುಮುರಿ ಕಣ್ಣಿಗೆ ಬೀಳುತ್ತವೆ. ಹಬ್ಬದಲ್ಲಿ ಇನ್ನೊಂದು ಹೋಳಿಗೆ ಒಲ್ಲೆನೆಂದರೆ ಬಡಿಸುವವರಿಗೆ ಬೇಸರ. ಆದ್ದರಿಂದ ಏನು, ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ವೈದ್ಯರೊಡನೆ ಮೊದಲೇ ಗೊತ್ತುಮಾಡಿಕೊಂಡು, ಇವತ್ತೊಂದು ದಿನ ಪಾಲಿಸಿದರೆ ಸಾಕು. ದಾಸೋಹದಲ್ಲಿ ಬೇಕಾದಷ್ಟೇ ಬಡಿಸಿಕೊಂಡು ಎಲೆಗೆ ಕೈ ಅಡ್ಡ ಹಿಡಿಯಿರಿ. ಅದು ಪ್ರಸಾದಕ್ಕೆ ಅಗೌರವವಲ್ಲ. ಹಾಕಿಸಿಕೊಂಡು ಕೆಡಿಸುವುದು ಅಗೌರವ.

ಅತಿಯಾಗಿ ತಿಂದ ಮರುದಿನ ಪ್ರಾಯಶ್ಚಿತ್ತವೆಂದು ಉಪವಾಸ ಮಾಡಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅಲ್ಲದೆ ಆ ಹಸಿವೇ ರಾತ್ರಿ ಮತ್ತೆ ಡಬ್ಬಿಯ ಬಳಿಗೆ ಎಳೆಯುತ್ತದೆ.

ಮನೆಯವರಲ್ಲಿ ಒಂದು ಮಾತು. ಡಬ್ಬಿಗೆ ಬೀಗ ಹಾಕಿ, ನಾಲ್ಕು ಜನರೆದುರು ಹಂಗಿಸಿದರೆ ತಿನ್ನುವುದು ನಿಲ್ಲುವುದಿಲ್ಲ, ಗುಟ್ಟು ಹೆಚ್ಚುತ್ತದೆ. ಜೊತೆಯಲ್ಲಿ ಕುಳಿತು ಅದೇ ಊಟ ಮಾಡಿ.

ಕೂಟದ ಸಭೆಗಳು ಫೋನ್ ಹಾಗೂ ಇಂಟರ್ನೆಟ್ ಮೂಲಕವೂ ನಡೆಯುತ್ತವೆ. ಆದರೆ ಅವು ಚಿಕಿತ್ಸೆಗೆ ಬದಲಿಯಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಇಲ್ಲಿ ದಾಖಲಾಗಿರುವವರು ವೈದ್ಯರು ರೌಂಡ್ಸಿಗೆ ಬಂದಾಗ ಹೇಳಿ. ಎಲ್ಲರೆದುರು ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಸಿಸ್ಟರ್ ಕೈಗೆ ಕೊಡಿ.