ತಲೆಗೆ ಮ್ಯಾಗ್ನೆಟ್ ಚಿಕಿತ್ಸೆ ಕೊಟ್ಟರೆ ಮೋಟಾರ್ ನ್ಯೂರಾನ್ ಕಾಯಿಲೆ ವಾಸಿಯಾಗುತ್ತದೆಯೇ?

ಆಪರೇಷನ್ ಬೇಡ, ನೋವಿಲ್ಲ, ಮ್ಯಾಗ್ನೆಟ್‌ನಿಂದಲೇ ಸತ್ತ ನರಗಳು ಚಿಗುರುತ್ತವೆ ಎನ್ನುವ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಹೆಚ್ಚಾಗಿ ಎಎಲ್‌ಎಸ್, ಇರುವವರ ಮನೆಯವರು ಇದನ್ನು ನಂಬಿ ಸಾಲ ಮಾಡುವ ಮೊದಲು ನಾವು ಹೇಳಬೇಕಾದ್ದು ಇಷ್ಟು: ಈ ಚಿಕಿತ್ಸೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ನಿಧಾನ ಮಾಡುತ್ತದೆ ಎನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ.

ಯಂತ್ರವೇನೋ ನಿಜವೇ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ತಲೆಯ ಮೇಲೆ ಹಿಡಿದ ಕಾಯಿಲ್‌ನಿಂದ ಕಾಂತೀಯ ಮಿಡಿತ ಹೊರಟು ಮಿದುಳಲ್ಲಿ ಪುಟ್ಟ ಕರೆಂಟ್ ಹುಟ್ಟಿಸುತ್ತದೆ, ಕೈಬೆರಳು ತಾನಾಗಿ ಅದುರುತ್ತದೆ. ಖಿನ್ನತೆಗೆ ಇದನ್ನು ಬಳಸಲು ಅಮೆರಿಕದಲ್ಲಿ 2008ರಲ್ಲೇ ಅನುಮತಿ ಸಿಕ್ಕಿದೆ. ಫಾರ್ವರ್ಡ್‌ಗಳು ನಿಲ್ಲುವುದು ಈ ಅರ್ಧ ಸತ್ಯದ ಮೇಲೆ.

ಎಎಲ್‌ಎಸ್‌ಗೆ ಇದನ್ನು ಪ್ರಯತ್ನಿಸಿದ್ದು ಪೆದ್ದುತನವಲ್ಲ. ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ಮಿದುಳಿನ ಭಾಗ ಅತಿಯಾಗಿ ಉದ್ರೇಕಗೊಂಡಿರುತ್ತದೆ. ಅದನ್ನು ತಣ್ಣಗಾಗಿಸಿದರೆ ನರಕೋಶಗಳು ಉಳಿಯಬಹುದು ಎಂಬುದು ಲೆಕ್ಕಾಚಾರ. ಇಟಲಿಯ ವೈದ್ಯರು 20 ರೋಗಿಗಳಲ್ಲಿ ಕೆಲವರಿಗೆ ನಿಜವಾದ, ಕೆಲವರಿಗೆ ತೋರಿಕೆಯ ಚಿಕಿತ್ಸೆಯನ್ನು ತಿಂಗಳಿಗೆ ಐದು ದಿನದಂತೆ ಕೊಟ್ಟರು. ಆರು ತಿಂಗಳಲ್ಲಿ ಸಣ್ಣ ಆಸೆ ಕಂಡಿತು. ಆಮೇಲೆ ಒಂದು ವರ್ಷದ ಪ್ರಯೋಗ ಮಾಡಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಸಿಗಲಿಲ್ಲ. ಫಾರ್ವರ್ಡ್‌ನಲ್ಲಿ ಈ ಎರಡನೇ ಪ್ರಯೋಗ ಬರುವುದೇ ಇಲ್ಲ! 2013ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಮೂರು ಪ್ರಯೋಗ, ಒಟ್ಟು 50 ಜನ. ಪುರಾವೆ ಸಾಲದು ಎಂದೇ ಅದು ಹೇಳಿತು.

ಹಾಗಾದರೆ ವಿಡಿಯೊದಲ್ಲಿ ಗುಣವಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇರಲಿಕ್ಕಿಲ್ಲ. ಈ ಕಾಯಿಲೆ ಎಲ್ಲರಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ, ನಡುವೆ ಕೆಲವು ತಿಂಗಳು ನಿಂತಂತೆಯೂ ಕಾಣಬಹುದು. ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ ಕಾಯಿಲೆ ಪತ್ತೆಯಾಯಿತು, ಅವರು 2018ರವರೆಗೆ ಬದುಕಿದ್ದರು. ಆ ನಿಂತ ತಿಂಗಳುಗಳಲ್ಲಿ ಯಾವ ಚಿಕಿತ್ಸೆ ನಡೆಯುತ್ತಿತ್ತೋ ಅದಕ್ಕೇ ಹೆಸರು ಬರುತ್ತದೆ.

ಇದರ ಸಂಶೋಧನೆ ನಿಂತಿಲ್ಲ. ಆದರೆ ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹಾಕಬಾರದು ಎಂದು ನಮ್ಮ ಐಸಿಎಂಆರ್ ಮಾರ್ಗಸೂಚಿಯೇ ಹೇಳುತ್ತದೆ. ಪ್ಯಾಕೇಜ್ ದರ ಹೇಳಿದರೆ ಅದು ಸಂಶೋಧನೆಯಲ್ಲ, ವ್ಯಾಪಾರ. ಪೇಸ್‌ಮೇಕರ್, ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಫಿಟ್ಸ್ ಇದ್ದವರಿಗೆ ಅಪಾಯವೂ ಇದೆ.

ರಿಲುಜೋಲ್ ಮಾತ್ರೆ ಆಯಸ್ಸಿಗೆ ಸರಾಸರಿ ಎರಡು ಮೂರು ತಿಂಗಳು ಸೇರಿಸುತ್ತದೆ. ಉಸಿರಾಟದ ಸ್ನಾಯು ಸೋತಾಗ ರಾತ್ರಿ ಮಾಸ್ಕ್ ಮೂಲಕ ಗಾಳಿ ಕೊಡುವ ಯಂತ್ರ ಅನೇಕರಿಗೆ ಅದಕ್ಕಿಂತ ಹೆಚ್ಚು ನೆರವಾಗಿದೆ. ನಿಮ್ಮ ಮನೆಯಲ್ಲಿ ರೋಗಿ ಇದ್ದರೆ ಮುಂದಿನ ಭೇಟಿಯಲ್ಲಿ ನ್ಯೂರಾಲಜಿಸ್ಟ್ ಬಳಿ ಉಸಿರಾಟದ ಪರೀಕ್ಷೆ ಕೊನೆಯ ಬಾರಿ ಯಾವಾಗ ಆಗಿದೆ ಎಂದು ಕೇಳಿ.