ಕೊಡ ಹೊತ್ತದ್ದೂ ವ್ಯಾಯಾಮದ ಲೆಕ್ಕಕ್ಕೆ

ಹದಿಹರೆಯದವರು ಮೈ ಬಗ್ಗಿಸುವುದಿಲ್ಲ ಎಂಬ ಹಳೆಯ ದೂರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಅಂಕಿ ಒದಗಿಸಿದರು: 146 ದೇಶಗಳ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ 81ರಷ್ಟು ಮಂದಿಗೆ ದಿನಕ್ಕೆ ಒಂದು ಗಂಟೆಯ ದೈಹಿಕ ಚಟುವಟಿಕೆಯೂ ಇಲ್ಲ. ಸುದ್ದಿಯಾದದ್ದು ಅಷ್ಟೇ, ಸ್ವಾರಸ್ಯವಿರುವುದು ಒಳಪುಟಗಳಲ್ಲಿ. ಭಾರತ, ಬಾಂಗ್ಲಾದೇಶಗಳ ಸ್ಥಿತಿ ಬಹುತೇಕ ದೇಶಗಳಿಗಿಂತ ವಾಸಿ. ಹುಡುಗರ ಮಟ್ಟಿಗೆ ಕ್ರಿಕೆಟ್ ಕಾರಣವಿರಬಹುದು, ಹುಡುಗಿಯರ ಮಟ್ಟಿಗೆ ಮನೆಗೆಲಸ ಎಂಬುದು ಸಂಶೋಧಕರ ಊಹೆ. ಅಂದರೆ ನೀರು ಹೊತ್ತದ್ದು, ಬಟ್ಟೆ ಒಗೆದದ್ದು, ನೆಲ ಒರೆಸಿದ್ದೆಲ್ಲ ದೇಶದ ಕ್ರೀಡಾ ಖಾತೆಗೆ ಜಮೆ! ಹೃದಯಕ್ಕೇನೋ ಓಟವೂ ಒಂದೇ, ತುಂಬಿದ ಕೊಡವೂ ಒಂದೇ ಎನ್ನಬಹುದು. ಆದರೆ 2016–18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಹೆಮ್ಮೆ ಇಳಿಯುತ್ತದೆ. ಹದಿಹರೆಯದ ಹುಡುಗರಲ್ಲಿ ಶೇ 18ರಷ್ಟು ಮಂದಿಗೆ ರಕ್ತಹೀನತೆ, ಹುಡುಗಿಯರಲ್ಲಿ ಶೇ 40. ಮುಟ್ಟಿನಲ್ಲಿ ಹೋಗುವ ರಕ್ತ ಒಂದು ಕಾರಣ, ನಿಜ. ಹೋದದ್ದನ್ನು ತುಂಬಿಕೊಡಲು ಸೊಪ್ಪು, ಕಾಳು, ಮಾಂಸ ಬೇಕು. ತಟ್ಟೆಯಲ್ಲಿ ಬರೀ ಅನ್ನ–ತಿಳಿಸಾರು ಇದ್ದು, ಊಟದ ಬೆನ್ನಿಗೇ ಚಹಾ ಕುಡಿದರೆ ಇರುವ ಕಬ್ಬಿಣಾಂಶವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ದುಡಿಮೆಯನ್ನು ಎಣಿಸಿ ತಟ್ಟೆಯನ್ನು ಎಣಿಸದ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ.

ಮಕ್ಕಳು ಮೈ ಬಗ್ಗಿಸದಿರುವುದೆಲ್ಲ ಮೊಬೈಲಿನ ಫಲ ಎನ್ನುವವರಿದ್ದಾರೆ. ಹಾಗಿದ್ದರೆ 2001ರಿಂದ 2016ರ ನಡುವೆ, ಸ್ಮಾರ್ಟ್‌ಫೋನು ಹುಟ್ಟಿ ಹಬ್ಬಿದ ಅವಧಿಯಲ್ಲೇ, ಅಂಕಿ ಹದಗೆಡಬೇಕಿತ್ತು. ಆದರೆ 2019ರ ಅದೇ ಅಧ್ಯಯನದ ಪ್ರಕಾರ, ಸಾಕಷ್ಟು ಚಟುವಟಿಕೆಯಿಲ್ಲದವರ ಪಾಲು ಜಗತ್ತಿನ ಹುಡುಗರಲ್ಲಿ ಶೇ 80ರಿಂದ 78ಕ್ಕೆ ಇಳಿದು ತುಸು ಸುಧಾರಿಸಿತು. ಹುಡುಗಿಯರದು ಶೇ 85ರ ಆಸುಪಾಸಿನಲ್ಲೇ ನಿಂತಿತು. ಮೊಬೈಲು ನಿರಪರಾಧಿಯೆಂದಲ್ಲ, ಆದರೆ ರೋಗ ಅದಕ್ಕಿಂತ ಹಳೆಯದು. ಪಟ್ಟಿಯ ತಳದಲ್ಲಿರುವುದು ಶೇ 94ರ ದಕ್ಷಿಣ ಕೊರಿಯಾ. ಅಲ್ಲಿ ಹಣಕ್ಕೂ ಮೈದಾನಕ್ಕೂ ಬರವಿಲ್ಲ. ಬರವಿರುವುದು ರಾತ್ರಿಯವರೆಗೆ ಟ್ಯೂಷನ್ನಿನಲ್ಲಿ ಕೂರುವ ಮಕ್ಕಳ ಬಿಡುವಿಗೆ. ಮಕ್ಕಳ ಸೋಮಾರಿತನ ಎಂದು ನಾವು ಬೈಯುವುದರಲ್ಲಿ ಹೆಚ್ಚಿನ ಪಾಲು ದೊಡ್ಡವರು ಬರೆದ ವೇಳಾಪಟ್ಟಿಯದು.

ಕರ್ನಾಟಕದಲ್ಲಿ ಆ ವೇಳಾಪಟ್ಟಿಯ ಕೈಚಳಕ ಎದ್ದು ಕಾಣುವುದು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ನಡುವಿನ ಗೆರೆಯಲ್ಲಿ. ಹತ್ತನೇ ತರಗತಿಯಲ್ಲಿ ಪಿ.ಟಿ. ಪೀರಿಯಡ್ಡನ್ನು ಗಣಿತ ನುಂಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಸರ್ಕಾರಿ ಶಾಲೆಯಲ್ಲಿ ಅಲ್ಲಿಯವರೆಗೆ ಬಿಸಿಯೂಟವಿದೆ, ಕ್ಷೀರಭಾಗ್ಯದ ಹಾಲಿದೆ, 2023ರಿಂದ ಒಂಬತ್ತು–ಹತ್ತನೆಯವರಿಗೂ ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಪಿಯುಸಿಗೆ ಕಾಲಿಟ್ಟರೆ ಅಡುಗೆಮನೆಯೂ ಇಲ್ಲ, ಸೀಟಿ ಊದುವ ಮೇಷ್ಟ್ರೂ ಅಪರೂಪ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬರುವ ಹುಡುಗಿಯ ಮಧ್ಯಾಹ್ನವನ್ನು ಬೇಕರಿಯ ಪಫ್ಸು, ಗೋಬಿ ಗಾಡಿಗಳು ವಹಿಸಿಕೊಳ್ಳುತ್ತವೆ. ಗೋಬಿಯ ಮೇಲೆ ನನಗೇನೂ ದ್ವೇಷವಿಲ್ಲ. ಹಸಿದ ಹೊತ್ತಿಗೆ ಗೇಟಿನ ಮುಂದೆ ನಿಂತಿರುವುದು ಅದೊಂದೇ ಎಂಬುದಷ್ಟೇ ತಕರಾರು. ಕಾಲೇಜು ಮಕ್ಕಳಿಗೂ ಉಣಿಸಬೇಕೆಂದರೆ ದುಡ್ಡೆಲ್ಲಿಂದ ಎಂಬ ಪ್ರಶ್ನೆ ಬರುತ್ತದೆ, ಅದು ಸಣ್ಣ ಪ್ರಶ್ನೆಯಲ್ಲ. ಆದರೆ ಪ್ರೌಢಶಾಲೆಯೂ ಪಿಯು ಕಾಲೇಜೂ ಒಂದೇ ಕಾಂಪೌಂಡಿನಲ್ಲಿರುವ ಕಡೆಗಳಲ್ಲಿ ಒಲೆ, ಪಾತ್ರೆ, ಅಡುಗೆಯವರು ಈಗಾಗಲೇ ಇದ್ದಾರೆ. ಇನ್ನಷ್ಟು ಅಕ್ಕಿ, ಬೇಳೆ, ಇನ್ನೊಬ್ಬ ಸಹಾಯಕಿ, ಸಂಜೆ ಅರ್ಧ ಗಂಟೆ ಮೈದಾನದ ಬೀಗ ತೆಗೆಯುವವರು: ಅಲ್ಲಿಂದಲೇ ಶುರುಮಾಡಬಹುದು.