ಜಡ್ಜ್ ಡೀ ಹಿಂದಿರೋ ರಾಯಭಾರಿ

ಡಿಟೆಕ್ಟಿವ್ ಕಥೆ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಷರ್ಲಾಕ್ ಹೋಮ್ಸ್. ಈ ಥರದ ಕಥೆ ಯೂರೋಪು, ಅಮೆರಿಕದಲ್ಲೇ ಹುಟ್ಟಿದ್ದು ಅಂತ ಅಂದ್ಕೊಂಡಿರ್ತೀವಿ. ಆದರೆ ಹೋಮ್ಸ್ ಬರೋದಕ್ಕೆ ನೂರಾರು ವರ್ಷ ಮೊದಲು, ಮಿಂಗ್ ದೊರೆಗಳ ಕಾಲದಲ್ಲೇ, ಚೀನಾದಲ್ಲಿ ಕೊಲೆ ಪತ್ತೆ ಮಾಡೋ ನ್ಯಾಯಾಧೀಶರ ಕಥೆಗಳು ಅಚ್ಚಾಗ್ತಿದ್ದವು. ಇದನ್ನ ಹೊರಗಿನ ಓದುಗರಿಗೆ ಪರಿಚಯ ಮಾಡಿಸಿದವರಲ್ಲಿ ಮುಖ್ಯರಾದವರು ಒಬ್ಬ ಡಚ್ ರಾಯಭಾರಿ, ರಾಬರ್ಟ್ ಫಾನ್ ಗುಲಿಕ್.

ಗುಲಿಕ್ 1910ರಲ್ಲಿ ಹಾಲೆಂಡಿನಲ್ಲಿ ಹುಟ್ಟಿ, ಬಾಲ್ಯ ಕಳೆದದ್ದು ಇಂದಿನ ಜಕಾರ್ತದಲ್ಲಿ. ಚೀನೀ ಭಾಷೆ ಜೊತೆ ಸಂಸ್ಕೃತವನ್ನೂ ಕಲಿತರು. ಅವರ ಡಾಕ್ಟರೇಟ್ ವಿಷಯ, ಚೀನಾ ಮತ್ತು ಜಪಾನಿನಲ್ಲಿ ಹಯಗ್ರೀವನ ಆರಾಧನೆ! (ಹೌದು, ನಾವು ಕಡ್ಲೆಬೇಳೆ ಸಿಹಿ ಮಾಡಿ ನೈವೇದ್ಯ ಇಡ್ತೀವಲ್ಲ, ಅದೇ ಹಯಗ್ರೀವ.) 1935ರಲ್ಲಿ ಟೋಕಿಯೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಚೀನಾ, ವಾಷಿಂಗ್ಟನ್, ನವದೆಹಲಿ, ಬೇರೂತ್, ಕೌಲಾಲಂಪುರ ಅಂತ ವರ್ಗಾವಣೆ ಆಗ್ತಾನೇ ಇತ್ತು. ಈ ಓಡಾಟದ ನಡುವೆಯೇ ಚೀನೀ ಸಂಗೀತ, ಚಿತ್ರಕಲೆ, ಕಾನೂನು, ಕೊನೆಗೆ ಗಿಬ್ಬನ್‌ಗಳ ಬಗ್ಗೆ ಕೂಡ ಪುಸ್ತಕ ಬರೆದರು.

ಎರಡನೇ ಮಹಾಯುದ್ಧದ ಸಮಯದಲ್ಲಿ ಅವರು 'ಡೀ ಗೂಂಗ್ ಆನ್' ಅನ್ನೋ ಹಳೇ ಚೀನೀ ಕಾದಂಬರಿಯನ್ನ ಇಂಗ್ಲಿಷಿಗೆ ತರೋಕೆ ಶುರುಮಾಡಿದರು. ಅದು 1949ರಲ್ಲಿ ಟೋಕಿಯೋದಲ್ಲಿ ಅಚ್ಚಾಯ್ತು. ಕಥೆಯ ನಾಯಕ ಜಡ್ಜ್ ಡೀ ಬರೀ ಕಲ್ಪನೆ ಅಲ್ಲ. ಏಳನೇ ಶತಮಾನದ ಟಾಂಗ್ ಸಾಮ್ರಾಜ್ಯದಲ್ಲಿ, ಮಹಾರಾಣಿ ವೂ ಕಾಲದಲ್ಲಿ ಮಂತ್ರಿಯಾಗಿದ್ದ ಡೀ ರೆನ್‌ಜಿಯೇ ಅನ್ನೋ ನಿಜವಾದ ವ್ಯಕ್ತಿ. ಒಂದೇ ವರ್ಷದಲ್ಲಿ 17,000 ಜನರ ಬಾಕಿ ಮೊಕದ್ದಮೆಗಳನ್ನ ತೀರ್ಮಾನ ಮಾಡಿದ, ಅನ್ಯಾಯ ಆಯ್ತು ಅಂತ ಒಬ್ಬರೂ ದೂರಲಿಲ್ಲ ಅಂತ ಟಾಂಗ್ ಇತಿಹಾಸ ಹೇಳುತ್ತೆ.

ಆಗಿನ ಚೀನೀ ಮ್ಯಾಜಿಸ್ಟ್ರೇಟ್ ಅಂದ್ರೆ ನಮ್ಮ ತಹಶೀಲ್ದಾರ್, ಪೊಲೀಸ್ ಇನ್‌ಸ್ಪೆಕ್ಟರ್, ಜಡ್ಜ್ ಮೂರೂ ಒಬ್ಬರೇ ಆದ ಹಾಗೆ. ತಪ್ಪೊಪ್ಪಿಗೆ ಇಲ್ಲದೆ ಶಿಕ್ಷೆ ಕೊಡೋ ಹಾಗಿರಲಿಲ್ಲ. ತಪ್ಪೊಪ್ಪಿಗೆಗಾಗಿ ಹೊಡೆಸಬಹುದಿತ್ತು. ಆದರೆ ಹೊಡೆಸಿಕೊಂಡವರು ನಿರಪರಾಧಿ ಅಂತ ಆದ್ರೆ ಆ ಶಿಕ್ಷೆ ಮ್ಯಾಜಿಸ್ಟ್ರೇಟ್ ತಲೆ ಮೇಲೇ ಬೀಳಬಹುದು. 'ಡೀ ಗೂಂಗ್ ಆನ್' ಓದೋವಾಗ ನಿಜವಾದ ಟೆನ್ಷನ್ ಇರೋದು ಇಲ್ಲೇ. ಒಬ್ಬ ಹೆಂಗಸು ಗಂಡನನ್ನ ಕೊಂದಿದ್ದಾಳೆ ಅನ್ನೋ ಅನುಮಾನದ ಮೇಲೆ ಡೀ ಸಮಾಧಿ ಅಗೆಸುತ್ತಾನೆ. ಹೆಣದ ಮೇಲೆ ಒಂದು ಗಾಯವೂ ಕಾಣಲ್ಲ. ಸುಮ್ಮನೆ ಸಮಾಧಿ ಅಗೆಸೋದು ದೊಡ್ಡ ಅಪರಾಧ. ಈಗ ಆರೋಪಿ ಯಾರು, ಆಕೆಯಾ, ಜಡ್ಜಾ? ಉತ್ತರ ನಾನು ಹೇಳಲ್ಲ, ಓದಿ.

ಇದಾದ ಮೇಲೆ ಗುಲಿಕ್ ತಾವೇ ಜಡ್ಜ್ ಡೀ ಕಾದಂಬರಿಗಳನ್ನ ಬರೆಯೋಕೆ ಕೂತರು. ಒಟ್ಟು 14 ಕಾದಂಬರಿ, ಜೊತೆಗೆ ಸಣ್ಣಕಥೆಗಳು. ಹಳೇ ಚೀನೀ ಕಥೆಗಳಲ್ಲಿ ಅಪರಾಧಿ ಯಾರು ಅಂತ ಎಷ್ಟೋ ಸಲ ಮೊದಲೇ ಗೊತ್ತಾಗಿಬಿಡುತ್ತೆ, ದೆವ್ವಗಳು ಬಂದು ಸಾಕ್ಷಿ ಹೇಳುತ್ತವೆ. ಗುಲಿಕ್ ಅಪರಾಧಿಯನ್ನ ಕೊನೇವರೆಗೂ ಮುಚ್ಚಿಟ್ಟರು, ದೆವ್ವಗಳನ್ನ ಕಡಿಮೆ ಮಾಡಿದರು. ಒಬ್ಬ ಜಡ್ಜ್ ಒಟ್ಟಿಗೇ ಮೂರು ಕೇಸು ನೋಡೋ ಪದ್ಧತಿಯನ್ನ ಮಾತ್ರ ಹಾಗೇ ಉಳಿಸಿಕೊಂಡರು. ಪುಸ್ತಕಗಳ ಚಿತ್ರಗಳನ್ನೂ ಹಳೇ ಚೀನೀ ಶೈಲಿಯಲ್ಲಿ ತಾವೇ ಬರೆದರು.

ಕಾದಂಬರಿ ಅವರಿಗೆ ಟೈಮ್‌ಪಾಸ್ ಆಗಿರಲಿಲ್ಲ. 1211ರ ಒಂದು ಚೀನೀ ಗ್ರಂಥದಲ್ಲಿ 144 ಕೇಸುಗಳನ್ನ ಎರಡೆರಡು ಜೋಡಿ ಮಾಡಿ ಕೊಟ್ಟಿದ್ದಾರೆ. ಅದನ್ನ ಗುಲಿಕ್ 1956ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದರಲ್ಲಿರೋ ಒಂದು ಕೇಸು ನಮ್ಮಂಥವರಿಗೇ ಬರೆದ ಹಾಗಿದೆ. ಗಂಡ ಬೆಂಕಿಯಲ್ಲಿ ಸತ್ತ ಅಂತಾಳೆ ಹೆಂಡತಿ. ಅಧಿಕಾರಿ ಎರಡು ಹಂದಿ ತರಿಸಿ, ಒಂದನ್ನ ಕೊಲ್ಲಿಸಿ, ಇನ್ನೊಂದನ್ನ ಜೀವಂತವಾಗಿಯೇ, ಎರಡನ್ನೂ ಸುಡಿಸುತ್ತಾನೆ. ಜೀವಂತ ಸುಟ್ಟ ಹಂದಿಯ ಬಾಯಲ್ಲಿ ಮಾತ್ರ ಬೂದಿ. ಗಂಡನ ಬಾಯಿ ನೋಡಿದ್ರೆ ಬೂದಿಯೇ ಇಲ್ಲ! ಅಂದ್ರೆ ಬೆಂಕಿ ಹಚ್ಚೋ ಮುಂಚೆಯೇ ಅವನ ಉಸಿರು ನಿಂತಿತ್ತು. ಕ್ರೂರ ನಿಜ, ಆದರೆ ಒಂದೇ ವೇರಿಯಬಲ್ ಬದಲಾಯಿಸಿ ನೋಡೋ ನಮ್ಮ ಲ್ಯಾಬ್ ಪಾಠ ಇದೇ ಅಲ್ವಾ? ಇವತ್ತಿನ ಫೊರೆನ್ಸಿಕ್ ತಜ್ಞರೂ ಶ್ವಾಸನಾಳದಲ್ಲಿ ಮಸಿ ಇದೆಯಾ ಅಂತ ನೋಡ್ತಾರೆ.

ಗುಲಿಕ್ ಪುಸ್ತಕಗಳಲ್ಲಿ ಕೊರತೆ ಇಲ್ಲ ಅಂತಲ್ಲ. ಕಥೆ ನಡೆಯೋದು ಟಾಂಗ್ ಕಾಲದಲ್ಲಿ, ಉಡುಪು ಮತ್ತು ಪದ್ಧತಿಗಳು ಮಾತ್ರ ಎಷ್ಟೋ ಶತಮಾನ ಆಮೇಲಿನ ಮಿಂಗ್ ಕಾಲದವು. ಹಳೇ ಚೀನೀ ಲೇಖಕರೂ ಹಾಗೇ ಮಾಡ್ತಿದ್ರು ಅಂತ ಅವರೇ ವಿವರಿಸಿದ್ದಾರೆ.

ನನಗೆ ಮುಖ್ಯ ಅನ್ನಿಸಿದ್ದು ಅವರ ಉದ್ದೇಶ. ಆಗ ಚೀನಾ, ಜಪಾನಿನಲ್ಲಿ ಪಾಶ್ಚಾತ್ಯ ಥ್ರಿಲ್ಲರ್‌ಗಳ ಕಳಪೆ ಅನುವಾದಗಳೇ ಓಡ್ತಿದ್ದವು. ನಿಮ್ಮ ಮನೆಯಲ್ಲೇ ಇದಕ್ಕಿಂತ ಒಳ್ಳೇ ಸರಕು ಇದೆ ಅಂತ ಅಲ್ಲಿನ ಲೇಖಕರಿಗೆ ತೋರಿಸೋದು ಅವರ ಆಸೆ. ಅದಕ್ಕೇ ಅವರ ಮೊದಲ ಡೀ ಕಾದಂಬರಿ 'ದಿ ಚೈನೀಸ್ ಮೇಜ಼್ ಮರ್ಡರ್ಸ್' 1951ರಲ್ಲಿ ಜಪಾನಿ ಭಾಷೆಯಲ್ಲೇ ಮೊದಲು ಬಂತು. ಚೀನೀ ರೂಪವನ್ನ ಅವರೇ ಬರೆದರು. ಇಂಗ್ಲಿಷ್ ಪುಸ್ತಕ ಬಂದಿದ್ದು 1956ರಲ್ಲಿ. ಇವತ್ತು ಚೀನಾದ ಟಿವಿ, ಸಿನಿಮಾದಲ್ಲಿ ಡೀ ದೊಡ್ಡ ಹೀರೋ. ಗುಲಿಕ್ ಅದನ್ನೆಲ್ಲ ನೋಡಲಿಲ್ಲ. ಜಪಾನಿನಲ್ಲಿ ರಾಯಭಾರಿಯಾಗಿದ್ದಾಗಲೇ, 1967ರಲ್ಲಿ, 57ನೇ ವಯಸ್ಸಿಗೆ ತೀರಿಕೊಂಡರು.

ಎಲ್ಲಿಂದ ಶುರು ಮಾಡೋದು ಅಂತೀರಾ? 'ದಿ ಚೈನೀಸ್ ಗೋಲ್ಡ್ ಮರ್ಡರ್ಸ್' ತಗೊಳ್ಳಿ. ಅದರಲ್ಲಿ ಡೀಗೆ ಇನ್ನೂ ಮೊದಲ ಪೋಸ್ಟಿಂಗ್. ಹೊಸ ಊರು, ಹೊಸ ಕೆಲಸ, ಅವನಿಗಿಂತ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದ ಮ್ಯಾಜಿಸ್ಟ್ರೇಟೇ ಕೊಲೆಯಾಗಿದ್ದಾನೆ. ಇಂಟರ್ನಲ್ಸ್ ಮುಗಿದ ಮೇಲೆ ಓದಿ, ಮುಂಚೆ ಬೇಡ.